ಕೊನೆಯ 48 ಗಂಟೆಗೆ ಕಿವಿಗೊಡಿ: ಚುನಾವಣೆಯಲ್ಲಿ ಎಐ ಪ್ರಭಾವದ ಮೇಲೆ ಕಣ್ಣಿಡುವವರಿಗೆ ಒಂದು ಕೈಪಿಡಿ

2024ರ ನವೆಂಬರ್ 20ರಂದು ಮಹಾರಾಷ್ಟ್ರ ವಿಧಾನಸಭೆಗೆ ಮತದಾನ. ಅದರ ಹಿಂದಿನ ದಿನ, ಬಹಿರಂಗ ಪ್ರಚಾರವೆಲ್ಲ ಮುಗಿದ ಮೇಲೆ, ವಿರೋಧ ಪಕ್ಷಗಳ ನಾಯಕರಾದ ಸುಪ್ರಿಯಾ ಸುಳೆ ಮತ್ತು ನಾನಾ ಪಟೋಲೆ ಅವರದ್ದೆಂದು ಹೇಳಲಾದ ಕೆಲವು ಧ್ವನಿ ತುಣುಕುಗಳು ಹೊರಬಿದ್ದವು. ಬಿಟ್‌ಕಾಯಿನ್ ಮಾರಿ ಚುನಾವಣೆಗೆ ಹಣ ಹೊಂದಿಸುವ ಮಾತು ಅವುಗಳಲ್ಲಿತ್ತು. ಸತ್ಯಾಸತ್ಯತೆ ಪರಿಶೀಲಿಸುವ ತಂಡಗಳು ಅವುಗಳಲ್ಲಿ ಹೆಚ್ಚಿನವು ಎಐ (ಕೃತಕ ಬುದ್ಧಿಮತ್ತೆ) ಸೃಷ್ಟಿಯಿರಬಹುದೆಂದು ಕಂಡುಕೊಂಡು ಬರೆಯುವ ಹೊತ್ತಿಗೆ ಜನ ಮತಗಟ್ಟೆಗೆ ಹೊರಡಲು ಸಿದ್ಧರಾಗಿದ್ದರು.

ಇದೊಂದೇ ಪ್ರಕರಣವಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಸ್ಲೊವಾಕಿಯಾದಲ್ಲಿ ಮತದಾನಕ್ಕೆ ಎರಡು ದಿನ ಇದ್ದಾಗ, ಪ್ರೋಗ್ರೆಸಿವ್ ಸ್ಲೊವಾಕಿಯಾ ಪಕ್ಷದ ನಾಯಕ ಮಿಖಾಲ್ ಶಿಮೆಚ್ಕಾ ಪತ್ರಕರ್ತೆಯೊಬ್ಬರ ಜೊತೆ ಚುನಾವಣೆಯಲ್ಲಿ ಅಕ್ರಮ ನಡೆಸುವ ಬಗ್ಗೆ ಮಾತಾಡಿದಂತೆ ನಕಲಿ ಧ್ವನಿ ಬಂತು. ಅದೇ ವರ್ಷ ನವೆಂಬರ್ 30ರಂದು, ತೆಲಂಗಾಣದ ಮತದಾನದ ದಿನವೇ, ಆಗ ಅಲ್ಲಿ ಅಧಿಕಾರದಲ್ಲಿದ್ದ ಬಿಆರ್‌ಎಸ್ ಪಕ್ಷದ ನಾಯಕ ಕೆ.ಟಿ. ರಾಮರಾವ್ ಕಾಂಗ್ರೆಸ್‌ಗೆ ಮತ ಹಾಕಿ ಎನ್ನುವಂತೆ ಕಾಣುವ ವೀಡಿಯೊ ಹರಿದಾಡಿತು. 2024ರ ಜನವರಿ 7ರಂದು ಬಾಂಗ್ಲಾದೇಶದಲ್ಲಿ ಮತದಾನ ನಡೆಯುತ್ತಿರುವಾಗಲೇ ಸ್ವತಂತ್ರ ಅಭ್ಯರ್ಥಿಯೊಬ್ಬರು ಕಣದಿಂದ ಹಿಂದೆ ಸರಿದೆ ಎಂದು ಹೇಳುವ ಡೀಪ್‌ಫೇಕ್, ಅಂದರೆ ಎಐನಿಂದ ಮಾಡಿದ ನಕಲಿ ವೀಡಿಯೊ, ಬಂತು.

ದೇಶ ಬೇರೆ, ಭಾಷೆ ಬೇರೆ, ಪಕ್ಷ ಬೇರೆ. ಹೊತ್ತು ಮಾತ್ರ ಒಂದೇ: ಉತ್ತರ ಕೊಡಲು ಸಮಯವಿಲ್ಲದ ಹೊತ್ತು. ಮಿಕ್ಕ ಮೂವತ್ತು ದಿನದ ಕೆಲಸವೆಲ್ಲ ಮತದಾನ ಮುಗಿಯುವ ಮುಂಚಿನ ಆ 48 ಗಂಟೆಗೆ ತಯಾರಿ ಎಂದು ತಿಳಿದುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಈ ಕೆಲಸಕ್ಕೆ ತಂತ್ರಜ್ಞಾನದಲ್ಲಿ ಪಳಗಿದವರೇ ಬೇಕೆಂದಿಲ್ಲ. ಒಂದು ತಾಲ್ಲೂಕಿನಲ್ಲಿ ನಾಲ್ಕೈದು ಜನ ಸಾಕು. ಊರಿನ ಮಾತಿನ ವರಸೆ ಬಲ್ಲ ಒಬ್ಬರು, ಕಂಪ್ಯೂಟರ್ ಮುಂದೆ ಕುಳಿತು ಕಡತ ಇಡಬಲ್ಲ ಒಬ್ಬರು, ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಹಿಂಬರಹ ಪಡೆದು ಬರುವ ತಾಳ್ಮೆಯಿರುವ ಒಬ್ಬರು. ಯಾವುದೇ ಪಕ್ಷದ ಕಾರ್ಯಕರ್ತರನ್ನು, ಚುನಾವಣಾ ಕರ್ತವ್ಯದಲ್ಲಿರುವ ನೌಕರರನ್ನು ಸೇರಿಸಿಕೊಳ್ಳಬೇಡಿ. ಎಷ್ಟೇ ಒಳ್ಳೆಯವರಾದರೂ ಬೇಡ. ನಿಮ್ಮ ದಾಖಲೆಯ ಬೆಲೆ ನಿಮ್ಮ ಮೇಲಿನ ನಂಬಿಕೆಯಷ್ಟೇ.

ಮೊದಲು ಎಲ್ಲೆ ಹಾಕಿಕೊಳ್ಳಿ

ರಾಜ್ಯವನ್ನೆಲ್ಲ ಕಾಯುತ್ತೇವೆ ಎಂದು ಹೊರಟರೆ ಮೂರನೆಯ ದಿನ ಸೋತು ಕೂರುತ್ತೀರಿ. ಒಂದು ವಿಧಾನಸಭಾ ಕ್ಷೇತ್ರ ಅಥವಾ ಒಂದು ತಾಲ್ಲೂಕು ಎಂದು ಬರೆದಿಟ್ಟುಕೊಳ್ಳಿ. ಅಧಿಸೂಚನೆ ಹೊರಬಿದ್ದ ದಿನದಿಂದ ಮತ ಎಣಿಕೆ ಮುಗಿಯುವವರೆಗೆ ಅವಧಿ.

ಏನನ್ನು ದಾಖಲಿಸಬೇಕು ಎಂಬುದರಲ್ಲೂ ಎಲ್ಲೆ ಬೇಕು. ಎಐ ಬಳಸಿದ್ದೆಲ್ಲ ಮೋಸವಲ್ಲ. 2023ರ ಡಿಸೆಂಬರ್‌ನಲ್ಲಿ ವಾರಾಣಸಿಯ ಕಾಶಿ ತಮಿಳ್ ಸಂಗಮಂನಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರ ಹಿಂದಿ ಭಾಷಣ ‘ಭಾಷಿಣಿ’ ಎಂಬ ಸರ್ಕಾರಿ ಎಐ ಅನುವಾದ ಸಾಧನದ ಮೂಲಕ ಆಗಿಂದಾಗಲೇ ತಮಿಳಿನಲ್ಲಿ ಕೇಳಿಸಿತು. 2024ರ ಜನವರಿಯಲ್ಲಿ, 2018ರಲ್ಲೇ ತೀರಿಕೊಂಡ ಎಂ. ಕರುಣಾನಿಧಿ ಅವರನ್ನು ಡಿಎಂಕೆ ಸಭೆಯೊಂದರಲ್ಲಿ ಎಐ ವೀಡಿಯೊ ಮೂಲಕ ಮಾತಾಡಿಸಲಾಯಿತು. ಅದು ಕರುಣಾನಿಧಿ ಅಲ್ಲವೆಂದು ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸತ್ತವರ ಬಾಯಲ್ಲಿ ಮಾತು ತುರುಕುವುದು ಸರಿಯೇ ಎಂಬ ಪ್ರಶ್ನೆ ನನಗೂ ಇದೆ. ಆದರೆ ಅದು ಮತದಾರನಿಗೆ ಮಾಡಿದ ಮೋಸವಲ್ಲ.

ಆದ್ದರಿಂದ ಮೂರು ಗುಂಪು ಮಾಡಿಕೊಳ್ಳಿ: ಎಐ ಎಂದು ಹೇಳಿಯೇ ಬಳಸಿದ್ದು, ಹೇಳದೆ ಬಳಸಿದ್ದು, ಹೇಳದೆ ಇನ್ನೊಬ್ಬರ ಮುಖ ಅಥವಾ ದನಿ ಕದ್ದಿದ್ದು. ನಿಮ್ಮ ಸಮಯದ ಮುಕ್ಕಾಲು ಪಾಲು ಮೂರನೆಯದಕ್ಕೆ ಮೀಸಲಿರಲಿ. ಮೊದಲಿನ ಎರಡರ ಗಡಿ ಎಲ್ಲಿದೆ ಎಂಬುದಕ್ಕೆ ಚುನಾವಣಾ ಆಯೋಗದ 2025ರ ಅಕ್ಟೋಬರ್ 24ರ ಸೂಚನೆ ನೆರವಾಗುತ್ತದೆ. ಎಐನಿಂದ ಮಾಡಿದ ಅಥವಾ ಬದಲಿಸಿದ ಪ್ರಚಾರ ಸಾಮಗ್ರಿಯಾದರೆ ಚಿತ್ರದಲ್ಲಿ ಕಾಣುವ ಜಾಗದ ಕನಿಷ್ಠ 10 ಶೇಕಡಾ ಭಾಗದಲ್ಲಿ, ಧ್ವನಿಯಾದರೆ ಆರಂಭದ 10 ಶೇಕಡಾ ಅವಧಿಯಲ್ಲಿ ಹಾಗೆಂದು ಹೇಳಿರಬೇಕು. ಸ್ಕೇಲ್ ಹಿಡಿದು ಅಳೆಯಬಹುದಾದ ನಿಯಮ ಇದು. ಅಳೆಯಿರಿ.

ಅಸಲಿಯನ್ನು ಕೂಡಿಡಿ

ನಕಲಿ ಬರುವ ಮೊದಲು ಅಸಲಿ ನಿಮ್ಮ ಕೈಯಲ್ಲಿರಬೇಕು. ನಾಮಪತ್ರ ಹಿಂತೆಗೆಯುವ ದಿನ ಮುಗಿದ ಕೂಡಲೇ ಕಣದಲ್ಲಿ ಉಳಿದ ಪ್ರತಿ ಅಭ್ಯರ್ಥಿಗೂ ಒಂದು ಫೋಲ್ಡರ್ ಮಾಡಿ. ಅದರಲ್ಲಿ ಅವರ ಅಧಿಕೃತ ಪುಟಗಳ ವಿಳಾಸ, ಅವರ ಪರವಾಗಿ ಮಾತಾಡುವ ಒಬ್ಬರ ಫೋನ್ ಸಂಖ್ಯೆ, ಮತ್ತು ಮುಖ್ಯವಾಗಿ ಅವರದೇ ದನಿಯ ಹತ್ತು ನಿಮಿಷದ ಮುದ್ರಣ ಇರಲಿ. ವೇದಿಕೆಯ ಭಾಷಣವೊಂದೇ ಸಾಲದು. ಸಂದರ್ಶನದಲ್ಲಿ, ಮನೆಯಂಗಳದಲ್ಲಿ, ಮಾಮೂಲು ಮಾತಿನಲ್ಲಿ ಅವರು ಹೇಗೆ ಕೇಳಿಸುತ್ತಾರೆ ಎಂಬುದೂ ಬೇಕು. ಮೈಕ್ ಮುಂದೆ ಗುಡುಗುವ ಮನುಷ್ಯ ಫೋನಿನಲ್ಲಿ ತಗ್ಗಿದ ದನಿಯಲ್ಲಿ ಮಾತಾಡುವವನಾಗಿರಬಹುದು. ಕದ್ದ ದನಿಗಳು ಸಾಮಾನ್ಯವಾಗಿ ವೇದಿಕೆಯ ಭಾಷಣದಿಂದಲೇ ತಯಾರಾಗುತ್ತವೆ, ಏಕೆಂದರೆ ಯೂಟ್ಯೂಬ್‌ನಲ್ಲಿ ಸಲೀಸಾಗಿ ಸಿಗುವುದು ಅದೇ.

ದಿನಾಂಕಗಳ ಒಂದು ಹಾಳೆಯನ್ನೂ ಮಾಡಿ. ನಾಮಪತ್ರ ಹಿಂತೆಗೆತದ ಕೊನೆಯ ದಿನ, ಬಹಿರಂಗ ಪ್ರಚಾರ ಮುಗಿಯುವ ಗಂಟೆ, ಮತದಾನದ ಅವಧಿ, ಮತಗಟ್ಟೆಗಳ ಪಟ್ಟಿ. ಇದರ ಉಪಯೋಗ ಮುಂದೆ ತೋರಿಸುತ್ತೇನೆ.

ಎಲ್ಲಿ ಕಣ್ಣಿಡಬೇಕು

ತೆರೆದ ಜಾಗಗಳು ಸುಲಭ: ಫೇಸ್‌ಬುಕ್ ಪುಟಗಳು, ರೀಲ್ಸ್, ಯೂಟ್ಯೂಬ್ ಶಾರ್ಟ್ಸ್, ಊರಿನ ಹೆಸರಿನಲ್ಲಿರುವ ‘ನ್ಯೂಸ್’ ಪುಟಗಳು. ದಿನಕ್ಕೆ ಎರಡು ಸಲ, ಬೆಳಗ್ಗೆ ಅರ್ಧ ಗಂಟೆ, ರಾತ್ರಿ ಒಂದು ಗಂಟೆ ನೋಡಿದರೆ ಸಾಕು. ಮೆಟಾ ಮತ್ತು ಗೂಗಲ್ ಎರಡೂ ರಾಜಕೀಯ ಜಾಹೀರಾತುಗಳ ತೆರೆದ ಸಂಗ್ರಹ ಇಟ್ಟಿವೆ. ಕ್ಷೇತ್ರದ ಹೆಸರು, ಅಭ್ಯರ್ಥಿಗಳ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಹಾಕಿ ವಾರಕ್ಕೆರಡು ಸಲ ಹುಡುಕಿ. ಹೆಸರನ್ನು ಎರಡು ಮೂರು ಬಗೆಯ ಕಾಗುಣಿತದಲ್ಲಿ ಹುಡುಕುವುದನ್ನು ಮರೆಯಬೇಡಿ. ಮೊದಲೆಲ್ಲ ಇಂಥ ಕೆಲಸಕ್ಕೆ ಮೆಟಾದ ‘ಕ್ರೌಡ್‌ಟ್ಯಾಂಗಲ್’ ಎಂಬ ಸಾಧನ ಇತ್ತು. 2024ರ ಆಗಸ್ಟ್ 14ರಂದು ಅದನ್ನು ಮುಚ್ಚಿಬಿಟ್ಟರು. ಆದ್ದರಿಂದ ಈಗ ಕಣ್ಣಿನಿಂದಲೇ ನೋಡಬೇಕು.

ಕಷ್ಟ ಇರುವುದು ವಾಟ್ಸ್‌ಆ್ಯಪ್‌ನಲ್ಲಿ. ಅಲ್ಲಿ ಒಳಹೊಕ್ಕು ಕದ್ದು ನೋಡುವ ದಾರಿ ಹಿಡಿಯಬೇಡಿ. ಸುಳ್ಳು ಹೆಸರಿನಲ್ಲಿ ಗುಂಪು ಸೇರುವವರು ಮೋಸವನ್ನು ದಾಖಲಿಸುವ ಹಕ್ಕು ಕಳೆದುಕೊಳ್ಳುತ್ತಾರೆ. ಬದಲಿಗೆ ಒಂದು ಸಹಾಯ ಸಂಖ್ಯೆಯನ್ನು ಊರಿಗೆಲ್ಲ ತಿಳಿಸಿ: ಹಾಲಿನ ಡೇರಿ, ಸ್ವಸಹಾಯ ಸಂಘ, ಗ್ರಂಥಾಲಯ, ಕಾಲೇಜಿನ ಫಲಕಗಳಲ್ಲಿ. ‘ಅನುಮಾನ ಬಂದದ್ದನ್ನು ನಮಗೆ ಕಳುಹಿಸಿ, ಬೇರೆ ಯಾರಿಗೂ ಕಳುಹಿಸಬೇಡಿ’ ಎಂಬ ಒಂದು ಸಾಲು ಸಾಕು. 2024ರ ಮಾರ್ಚ್‌ನಲ್ಲಿ ದೇಶದ ಸತ್ಯಶೋಧನಾ ಸಂಸ್ಥೆಗಳ ಒಕ್ಕೂಟ ಡೀಪ್‌ಫೇಕ್ ಪರಿಶೀಲನೆಗೆಂದೇ ವಾಟ್ಸ್‌ಆ್ಯಪ್ ಸಹಾಯವಾಣಿ ತೆರೆದಾಗ ಅದು ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿತ್ತು. ಕನ್ನಡ ಇರಲಿಲ್ಲ. ನಮ್ಮ ಭಾಷೆಯಲ್ಲಿ ಈ ಕೆಲಸವನ್ನು ನಾವೇ ಮಾಡಿಕೊಳ್ಳಬೇಕು ಎನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ನನಗೆ ಬೇಕಿಲ್ಲ.

ಕಳುಹಿಸುವವರನ್ನು ಮಾತಾಡಿಸುವ ರೀತಿಯೂ ಮುಖ್ಯ. ‘ಇದು ಸುಳ್ಳು, ಯಾಕೆ ಹಂಚಿದಿರಿ?’ ಎಂದರೆ ಅವರು ಮತ್ತೆಂದೂ ನಿಮಗೆ ಏನನ್ನೂ ಕಳುಹಿಸುವುದಿಲ್ಲ. ‘ಚಿಕ್ಕಪ್ಪಾ, ಒಳ್ಳೆಯದಾಯಿತು ಕಳುಹಿಸಿದ್ದು. ನಿಮಗೆ ಇದು ಎಷ್ಟು ಹೊತ್ತಿಗೆ ಬಂತು? ಮೇಲೆ ಎರಡು ಬಾಣದ ಗುರುತು ಇತ್ತೇ?’ ಎಂದು ಕೇಳಿ. ಆ ಜೋಡಿ ಬಾಣ ಇದ್ದರೆ ಸಂದೇಶ ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. ಯಾರು ಕಳುಹಿಸಿದರು ಎಂದು ಕೇಳಬೇಡಿ. ತಾವಾಗಿ ಹೇಳಿದರೂ ಹೆಸರು ಬರೆದುಕೊಳ್ಳಬೇಡಿ. ಊರಿನ ಸಾಮಾನ್ಯ ಜನರ ಪಟ್ಟಿ ಮಾಡುವುದು ನಿಮ್ಮ ಕೆಲಸವಲ್ಲ.

ಫೋನ್ ಕರೆಗಳನ್ನೂ ಬಿಡಬೇಡಿ. 2024ರ ಜನವರಿಯಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಜೋ ಬೈಡನ್ ಅವರ ದನಿಯಲ್ಲಿ ಕರೆ ಬಂದು, ಪ್ರಾಥಮಿಕ ಚುನಾವಣೆಯಲ್ಲಿ ಮತ ಹಾಕಬೇಡಿ ಎಂದಿತು. ಅದರ ಹಿಂದಿದ್ದ ರಾಜಕೀಯ ಸಲಹೆಗಾರನಿಗೆ ಅಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 60 ಲಕ್ಷ ಡಾಲರ್ ದಂಡ ಹಾಕಿತು. ಕರೆಗೆ ಲಿಂಕ್ ಇರುವುದಿಲ್ಲ. ಆದ್ದರಿಂದ ಕರೆ ಬಂದ ಸಂಖ್ಯೆ, ಗಂಟೆ, ಕೇಳಿದ ಮಾತು, ಇಷ್ಟನ್ನು ಕೂಡಲೇ ಬರೆದಿಟ್ಟುಕೊಳ್ಳುವಂತೆ ಜನರಿಗೆ ಹೇಳಿ.

ದಾಖಲೆ ಪುಸ್ತಕ

ಮೊದಲ ಬಾರಿ ಈ ಕೆಲಸಕ್ಕೆ ಕುಳಿತಾಗ ನಾನು ಲಿಂಕ್‌ಗಳನ್ನಷ್ಟೇ ಬರೆದಿಟ್ಟುಕೊಂಡಿದ್ದೆ. ಮತದಾನದ ಮರುದಿನ ತೆರೆದು ನೋಡಿದರೆ ಅರ್ಧಕ್ಕರ್ಧ ಪುಟಗಳು ಮಾಯವಾಗಿದ್ದವು. ಕೈಯಲ್ಲಿ ಉಳಿದದ್ದು ಬರೀ ನೆನಪು, ಮತ್ತು ನೆನಪನ್ನು ಯಾವ ಅಧಿಕಾರಿಯೂ ದೂರು ಎಂದು ಸ್ವೀಕರಿಸುವುದಿಲ್ಲ. ಅಂದಿನಿಂದ ನನ್ನ ನಿಯಮ ಒಂದೇ: ದಾಖಲೆ ಮೊದಲು, ತೀರ್ಪು ಆಮೇಲೆ. ಅಸಲಿಯೋ ನಕಲಿಯೋ ಎಂಬ ಚರ್ಚೆ ಶುರುವಾಗುವ ಮುನ್ನ ಕಡತ ಭದ್ರವಾಗಿರಬೇಕು.

ಒಂದು ನಮೂದು ಹೇಗಿರಬೇಕೆಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. ತಾಲ್ಲೂಕು ಪಂಚಾಯಿತಿ ಚುನಾವಣೆ ಎಂದಿಟ್ಟುಕೊಳ್ಳಿ.

ನಮೂದು 17. ನಮಗೆ ಬಂದದ್ದು ಶುಕ್ರವಾರ ಸಂಜೆ 7.40ಕ್ಕೆ. ಧ್ವನಿ, 38 ಸೆಕೆಂಡು. ಬಂದ ದಾರಿ: ಮತದಾರರೊಬ್ಬರು ಸಹಾಯ ಸಂಖ್ಯೆಗೆ ಕಳುಹಿಸಿದ್ದು, ಅವರಿಗೆ ಸಿಕ್ಕಿದ್ದು ಹಾಲು ಉತ್ಪಾದಕರ ಗುಂಪಿನಲ್ಲಿ, ಜೋಡಿ ಬಾಣ ಇತ್ತು. ಯಾರ ದನಿಯೆಂದು ಹೇಳಲಾಗಿದೆ: ಕಣದಲ್ಲಿರುವ ಮಹಿಳಾ ಅಭ್ಯರ್ಥಿ. ಮಾತು, ಇದ್ದ ಹಾಗೆ: ‘ಆರೋಗ್ಯ ಸರಿಯಿಲ್ಲದ ಕಾರಣ ಕಣದಿಂದ ಹಿಂದೆ ಸರಿಯುತ್ತಿದ್ದೇನೆ. ನನಗೆ ಹಾಕಿ ಮತ ಹಾಳು ಮಾಡಿಕೊಳ್ಳಬೇಡಿ.’ ಹಿನ್ನೆಲೆ ಸದ್ದು: ಇಲ್ಲ. ಕಡತದ ಹ್ಯಾಶ್: ಬರೆಯಲಾಗಿದೆ. ಅಭ್ಯರ್ಥಿಯ ಕಡೆಯವರಿಗೆ ಕರೆ: 7.52ಕ್ಕೆ. ಉತ್ತರ: ಅಲ್ಲಗಳೆದಿದ್ದಾರೆ, ಲಿಖಿತ ಹೇಳಿಕೆ ಕೊಡುತ್ತಾರೆ. ನಮ್ಮ ಅಭಿಪ್ರಾಯ: ಖಾಲಿ.

ಆ ಕೊನೆಯ ‘ಖಾಲಿ’ ಎಂಬ ಪದವನ್ನು ಗಮನಿಸಿ. ಅದು ಆಮೇಲೆ ತುಂಬುವ ಜಾಗ.

ಕಡತವನ್ನು ತರಿಸಿಕೊಳ್ಳುವಾಗ ‘ಡಾಕ್ಯುಮೆಂಟ್’ ಆಗಿ ಕಳುಹಿಸಲು ಹೇಳಿ. ಗ್ಯಾಲರಿಯಿಂದ ಕಳುಹಿಸಿದ ವೀಡಿಯೊವನ್ನು ವಾಟ್ಸ್‌ಆ್ಯಪ್ ಕುಗ್ಗಿಸುತ್ತದೆ, ಕುಗ್ಗಿದ ವೀಡಿಯೊದಲ್ಲಿ ಪರೀಕ್ಷೆಗೆ ಬೇಕಾದ ಸುಳಿವು ಅಳಿದುಹೋಗುತ್ತದೆ. ತೆರೆದ ಪುಟವಾದರೆ ಇಡೀ ಪರದೆಯ ಚಿತ್ರ ತೆಗೆಯಿರಿ. ವಿಳಾಸ, ಗಂಟೆ, ನೋಡಿದವರ ಸಂಖ್ಯೆ ಮೂರೂ ಕಾಣಬೇಕು. ಜೊತೆಗೆ ಜಾಲಪುಟಗಳ ಪ್ರತಿಯನ್ನು ಕಾದಿಡುವ ಉಚಿತ ತಾಣವಾದ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಆ ಪುಟವನ್ನು ಉಳಿಸಿ.

ಹ್ಯಾಶ್ ಎಂದರೆ ಕಡತದ ಬೆರಳಚ್ಚು. ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ 64 ಅಕ್ಷರ-ಅಂಕಿಗಳ ಒಂದು ಸಾಲು ಬರುತ್ತದೆ. ಕಡತದಲ್ಲಿ ಒಂದು ಚುಕ್ಕಿ ಬದಲಾದರೂ ಆ ಸಾಲು ಪೂರ್ತಿ ಬದಲಾಗುತ್ತದೆ. ಇದನ್ನು ತೆಗೆದುಕೊಡುವ ಉಚಿತ ಆ್ಯಪ್‌ಗಳಿವೆ, ವಿಂಡೋಸ್ ಕಂಪ್ಯೂಟರಿನಲ್ಲಿ ‘ಸರ್ಟ್‌ಯುಟಿಲ್’ ಎಂಬ ಆಜ್ಞೆಯಿಂದಲೂ ಸಿಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯನ್ನು ಸಾಕ್ಷ್ಯವಾಗಿ ಕೊಡುವಾಗ ಪ್ರಮಾಣಪತ್ರ ಬೇಕು, ಆ ಪ್ರಮಾಣಪತ್ರದ ನಮೂನೆಯಲ್ಲೇ ಹ್ಯಾಶ್ ಬರೆಯುವ ಜಾಗ ಇದೆ. ನೀವು ಮೊದಲ ದಿನವೇ ಬರೆದಿಟ್ಟಿದ್ದರೆ ವಕೀಲರ ಕೆಲಸ ಅರ್ಧ ಮುಗಿದಂತೆ.

ಮೊದಲು ಮಾತನ್ನು ಪರೀಕ್ಷಿಸಿ, ಆಮೇಲೆ ದನಿಯನ್ನು

ಎಲ್ಲರೂ ಮೊದಲು ಓಡುವುದು ಪತ್ತೆ ಸಾಧನಗಳ ಕಡೆಗೆ. ನನ್ನ ಸಲಹೆ ಬೇರೆ. ಮೇಲಿನ 17ನೇ ನಮೂದನ್ನೇ ತೆಗೆದುಕೊಳ್ಳಿ. ನಿಮ್ಮ ದಿನಾಂಕಗಳ ಹಾಳೆ ನೋಡಿದರೆ ನಾಮಪತ್ರ ಹಿಂತೆಗೆಯುವ ಗಡುವು ಎಂದೋ ಮುಗಿದಿದೆ. ಗಡುವು ಮುಗಿದ ಮೇಲೆ ಯಾವ ಅಭ್ಯರ್ಥಿಯೂ ಕಾನೂನಿನ ಪ್ರಕಾರ ಹಿಂದೆ ಸರಿಯಲಾಗದು, ಹೆಸರು ಮತಪತ್ರದಲ್ಲೋ ಯಂತ್ರದಲ್ಲೋ ಇದ್ದೇ ಇರುತ್ತದೆ, ಬಿದ್ದ ಮತ ಎಣಿಕೆಗೆ ಬಂದೇ ಬರುತ್ತದೆ. ದನಿ ಯಾರದೇ ಆಗಿರಲಿ, ಮಾತು ಬಿದ್ದುಹೋಯಿತು. ಯಾವ ಪ್ರಯೋಗಾಲಯವೂ ಬೇಕಾಗಲಿಲ್ಲ. ಮತದಾನದ ದಿನ ಬದಲಾಗಿದೆ, ಇಂಥ ಮತಗಟ್ಟೆ ಮುಚ್ಚಿದೆ, ಇಂಥವರ ಹೆಸರು ಪಟ್ಟಿಯಿಂದ ಹೋಗಿದೆ ಎಂಬಂಥ ಸುಳ್ಳುಗಳೆಲ್ಲ ಹೀಗೆ ಒಂದು ಹಾಳೆಯಿಂದ, ಒಂದು ಫೋನ್ ಕರೆಯಿಂದ ಬಯಲಾಗುತ್ತವೆ.

ಎರಡನೆಯ ಪರೀಕ್ಷೆ: ಇದು ಎಐ ಹೌದೇ, ಅಥವಾ ಬರೀ ಕತ್ತರಿಯೇ? 2024ರ ಲೋಕಸಭಾ ಚುನಾವಣೆಯಲ್ಲಿ ದೊಡ್ಡ ಗದ್ದಲ ಎಬ್ಬಿಸಿದ, ಮೀಸಲಾತಿ ಕುರಿತ ಅಮಿತ್ ಶಾ ವೀಡಿಯೊ ನೆನಪಿದೆಯಲ್ಲವೇ? ಅದರಲ್ಲಿ ಹೊಸ ಮುಖ, ಹೊಸ ದನಿ ಏನೂ ಇರಲಿಲ್ಲ. ಹಳೆಯ ಭಾಷಣವನ್ನೇ ಕತ್ತರಿಸಿ ಜೋಡಿಸಿ ಅರ್ಥ ತಿರುಗಿಸಲಾಗಿತ್ತು. ಎಐ ಹುಡುಕುವ ಸಾಧನಕ್ಕೆ ಇಂಥದ್ದನ್ನು ಕೊಟ್ಟರೆ ‘ಎಐ ಅಲ್ಲ’ ಎಂದು ಹೇಳಬಹುದು. ಅದನ್ನೇ ಜನ ‘ಅಸಲಿ’ ಎಂದು ಓದಿಕೊಳ್ಳುತ್ತಾರೆ. ವೀಡಿಯೊದ ಒಂದೆರಡು ಚೌಕಟ್ಟುಗಳನ್ನು ಚಿತ್ರವಾಗಿ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ, ಅದೇ ವೇದಿಕೆ, ಅದೇ ಶಾಲು, ಅದೇ ಹಿನ್ನೆಲೆಯ ಮೂಲ ಭಾಷಣ ಸಿಕ್ಕರೆ ಪೂರ್ತಿ ಕೇಳಿ.

ಮೂರನೆಯದು ಕಿವಿ. ಅಭ್ಯರ್ಥಿಯ ಫೋಲ್ಡರ್ ತೆರೆದು ಅಸಲಿ ದನಿಯನ್ನೂ ಅನುಮಾನದ ದನಿಯನ್ನೂ ಒಂದಾದ ಮೇಲೆ ಒಂದು, ಇಯರ್‌ಫೋನ್ ಹಾಕಿ ಕೇಳಿ. ಕೇಳುವವರು ಆ ಸೀಮೆಯವರೇ ಆಗಿರಲಿ. ಧಾರವಾಡದ ಕಡೆ ಹುಟ್ಟಿ ಬೆಳೆದವರ ಮಾತಿನಲ್ಲಿ ‘ರೀ’ ಎಲ್ಲಿ ಬೀಳುತ್ತದೆ, ಕುಂದಾಪುರದವರು ವಾಕ್ಯವನ್ನು ಎಲ್ಲಿ ಎಳೆಯುತ್ತಾರೆ, ಮಂಡ್ಯದವರು ಯಾವ ಅಕ್ಷರ ನುಂಗುತ್ತಾರೆ ಎಂಬುದು ಬೇರೆ ಸೀಮೆಯ ಪಂಡಿತರಿಗೂ ತಿಳಿಯದು. ಊರಿನ ಹೆಸರನ್ನು ಅಲ್ಲಿಯವರು ಹೇಳುವಂತೆ ಹೇಳಿದ್ದಾರೆಯೇ, ಬೋರ್ಡಿನಲ್ಲಿ ಬರೆದಂತೆಯೇ? ಲ-ಳ, ಅ-ಹ ಆ ಮನುಷ್ಯನ ಬಾಯಲ್ಲಿ ಇರುವಂತೆಯೇ ಇವೆಯೇ? ಉಸಿರು ಎಲ್ಲಿ ಎಳೆದುಕೊಳ್ಳುತ್ತಾರೆ? ಕೋಪದ ಮಾತಿನಲ್ಲೂ ವೇಗ ಒಂದೇ ಸಮನೆ ಇದೆಯೇ? ಕೇಳಿದ ಮೂವರೂ ತಮಗೆ ಅನಿಸಿದ್ದನ್ನು ಬೇರೆ ಬೇರೆ ಚೀಟಿಯಲ್ಲಿ ಬರೆಯಲಿ, ಆಮೇಲೆ ಕೂಡಿ ನೋಡಲಿ. ಇದು ಸುಳಿವು ಮಾತ್ರ, ಪುರಾವೆಯಲ್ಲ. ತಯಾರಿಸುವ ಸಾಧನಗಳೂ ದಿನದಿನಕ್ಕೆ ಚುರುಕಾಗುತ್ತಿವೆ.

ಪತ್ತೆ ಸಾಧನ ಬಳಸುವುದಾದರೆ ಕೊನೆಯಲ್ಲಿ ಬಳಸಿ, ಕನಿಷ್ಠ ಎರಡನ್ನು ಬಳಸಿ. ಅವುಗಳಲ್ಲಿ ಹೆಚ್ಚಿನವು ಇಂಗ್ಲಿಷ್ ದನಿಗಳ ಮೇಲೆ ಪಳಗಿದವು. ಕನ್ನಡ, ಅದರಲ್ಲೂ ಗದ್ದಲದ ನಡುವೆ ಮುದ್ರಿಸಿ ಹತ್ತು ಫೋನ್ ದಾಟಿ ಬಂದ ಕನ್ನಡ ಎಂದರೆ ಅವುಗಳ ಅಂಕಿಯನ್ನು ನೆಚ್ಚಿಕೊಳ್ಳಲಾಗದು. ಒಂದು ಸುಲಭದ ಉಪಾಯ ಇದೆ: ಅದೇ ಅಭ್ಯರ್ಥಿಯ ಅಸಲಿ ದನಿಯನ್ನೂ ಅದೇ ಸಾಧನಕ್ಕೆ ಕೊಟ್ಟು ನೋಡಿ. ಅಸಲಿಯನ್ನೇ ನಕಲಿ ಎಂದರೆ ಆ ಸಾಧನವನ್ನು ಪಕ್ಕಕ್ಕಿಡಿ.

ಇಷ್ಟಾದ ಮೇಲೆ ಆ ಖಾಲಿ ಜಾಗ ತುಂಬಿ. ‘ನಕಲಿ ಎಂದು ಖಚಿತ’, ‘ನಕಲಿ ಇರಬಹುದು’, ‘ಹೇಳಲಾಗದು’, ‘ಅಸಲಿ, ಆದರೆ ತಿರುಚಿದ್ದು’, ‘ಅಸಲಿ’. ಐದರಲ್ಲಿ ಒಂದು. ‘ಹೇಳಲಾಗದು’ ಎಂದು ಬರೆಯಲು ನಾಚಬೇಕಿಲ್ಲ.

‘ಅದು ತಿರುಚಿದ್ದು’ ಎಂಬ ನೆಪವನ್ನೂ ದಾಖಲಿಸಿ

ನಕಲಿಯನ್ನು ಅಸಲಿ ಎನ್ನುವುದು ಒಂದು ಮೋಸ, ಅಸಲಿಯನ್ನು ನಕಲಿ ಎನ್ನುವುದು ಇನ್ನೊಂದು. ಎರಡನೆಯದು ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. 2024ರ ಏಪ್ರಿಲ್ 26ರಂದು ಹಾಸನದಲ್ಲಿ ಲೋಕಸಭೆಗೆ ಮತದಾನ. ಅದಕ್ಕೆ ಕೆಲವೇ ದಿನ ಮುಂಚೆ ಹೆಣ್ಣುಮಕ್ಕಳ ಖಾಸಗಿ ವೀಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಹರಿದಾಡಿದಾಗ, ಆಗಿನ ಸಂಸದ ಪ್ರಜ್ವಲ್ ರೇವಣ್ಣ ಅವರ ಚುನಾವಣಾ ಏಜೆಂಟ್ ಅವು ತಿರುಚಿದ ವೀಡಿಯೊಗಳೆಂದು ಪೊಲೀಸರಿಗೆ ದೂರು ಕೊಟ್ಟಿದ್ದರು. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಅತ್ಯಾಚಾರ ಪ್ರಕರಣವೊಂದರಲ್ಲಿ ಪ್ರಜ್ವಲ್ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ‘ತಿರುಚಿದ್ದು’ ಎಂಬ ಒಂದು ಪದ ಹೆಣ್ಣುಮಕ್ಕಳ ನೋವನ್ನು ಎಷ್ಟು ಸುಲಭವಾಗಿ ಮುಚ್ಚಿಬಿಡಬಲ್ಲದು ಎಂದು ಆ ದಿನಗಳಲ್ಲಿ ಕಂಡೆವು.

ಆದ್ದರಿಂದ ಯಾರಾದರೂ ‘ಅದು ಎಐ’ ಎಂದಾಗ ಅದನ್ನೂ ಒಂದು ನಮೂದಾಗಿಸಿ. ಯಾರು, ಯಾವಾಗ, ಯಾವ ಆಧಾರ ಕೊಟ್ಟು ಹೇಳಿದರು? ಆಧಾರವನ್ನು ಲಿಖಿತವಾಗಿ ಕೇಳಿ. ಇನ್ನೂ ಒಂದು ಮಾತು, ಇದರಲ್ಲಿ ರಿಯಾಯಿತಿ ಇಲ್ಲ: ಹೆಣ್ಣುಮಕ್ಕಳ ಖಾಸಗಿ ದೃಶ್ಯಗಳಿರುವ ಏನೇ ಬಂದರೂ, ಅಸಲಿಯಾಗಿರಲಿ ನಕಲಿಯಾಗಿರಲಿ, ತೆರೆದು ನೋಡಬೇಡಿ, ಪ್ರತಿ ಇಟ್ಟುಕೊಳ್ಳಬೇಡಿ, ತಂಡದಲ್ಲೂ ಹಂಚಬೇಡಿ. ಬಂದ ಗಂಟೆ, ಬಂದ ದಾರಿ ಬರೆದು ನೇರ ಪೊಲೀಸರ ಸೈಬರ್ ಠಾಣೆಗೆ ತಿಳಿಸಿ.

ಚಾಟ್‌ಬಾಟ್‌ಗಳಿಗೆ ವಾರಕ್ಕೊಮ್ಮೆ ಪರೀಕ್ಷೆ

ಎಐ ಪ್ರಭಾವ ಎಂದರೆ ಡೀಪ್‌ಫೇಕ್ ಮಾತ್ರ ಎಂದು ತಿಳಿಯಬೇಡಿ. ಮೊದಲ ಬಾರಿ ಮತ ಹಾಕುವ ಹುಡುಗ ಹುಡುಗಿಯರು ಈಗ ಪ್ರಶ್ನೆಗೆ ಉತ್ತರ ಕೊಡುವ ಎಐ ಚಾಟ್‌ಬಾಟ್ ಅನ್ನೇ ಕೇಳುತ್ತಾರೆ. 2023ರಲ್ಲಿ ಅಲ್ಗೊರಿದಮ್‌ವಾಚ್ ಮತ್ತು ಎಐ ಫೊರೆನ್ಸಿಕ್ಸ್ ಸಂಸ್ಥೆಗಳು ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿಯ ಎರಡು ರಾಜ್ಯಗಳ ಚುನಾವಣೆಗಳ ಬಗ್ಗೆ ಮೈಕ್ರೋಸಾಫ್ಟ್‌ನ ಚಾಟ್‌ಬಾಟ್ ಬಿಂಗ್ ಚಾಟ್ ಕೊಟ್ಟ ಉತ್ತರಗಳನ್ನು ಪರೀಕ್ಷಿಸಿದಾಗ ಸುಮಾರು ಮೂರರಲ್ಲೊಂದು ಉತ್ತರದಲ್ಲಿ ತಪ್ಪಿತ್ತು.

ಹದಿನೈದು ಇಪ್ಪತ್ತು ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದುಕೊಳ್ಳಿ. ಉತ್ತರ ಖಚಿತವಾಗಿ ಗೊತ್ತಿರುವ ಪ್ರಶ್ನೆಗಳೇ ಆಗಿರಲಿ. ‘ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೊಟ್ಟ ಮತದಾರರ ಚೀಟಿ ಒಂದೇ ಇದ್ದರೆ ಮತ ಹಾಕಬಹುದೇ?’ ಇಲ್ಲ, 2019ರಿಂದ ಆ ಚೀಟಿ ಗುರುತಿನ ದಾಖಲೆಯಲ್ಲ. ಎಪಿಕ್ ಕಾರ್ಡ್ (ಮತದಾರರ ಗುರುತಿನ ಚೀಟಿ) ಅಥವಾ ಆಯೋಗ ಒಪ್ಪಿದ ಬೇರೆ ಗುರುತಿನ ಪತ್ರ ಬೇಕು. ‘ನಾನು ದುಬೈಯಲ್ಲಿದ್ದೇನೆ, ಆನ್‌ಲೈನ್‌ನಲ್ಲಿ ಮತ ಹಾಕಬಹುದೇ?’ ಇಲ್ಲ, ನಮೂನೆ 6ಎ ಮೂಲಕ ಹೆಸರು ಸೇರಿಸಿಕೊಂಡ ಅನಿವಾಸಿ ಮತದಾರರು ಪಾಸ್‌ಪೋರ್ಟ್ ಹಿಡಿದು ತಮ್ಮ ಮತಗಟ್ಟೆಗೇ ಬರಬೇಕು. ಕೊಲ್ಲಿ ದೇಶಗಳಲ್ಲಿರುವ ಕನ್ನಡಿಗರಿಗೆ ಇದು ಸಣ್ಣ ವಿಷಯವಲ್ಲ.

ಪ್ರತಿ ವಾರ ಅದೇ ಪ್ರಶ್ನೆ, ಅದೇ ಪದಗಳಲ್ಲಿ, ಹೊಸ ಸಂಭಾಷಣೆ ತೆರೆದು ಕೇಳಿ. ಪ್ರಶ್ನೆಯನ್ನು ಕನ್ನಡದಲ್ಲಿ ಒಮ್ಮೆ, ಇಂಗ್ಲಿಷ್‌ನಲ್ಲಿ ಒಮ್ಮೆ ಕೇಳಿ, ಎರಡರ ವ್ಯತ್ಯಾಸ ಗುರುತು ಹಾಕಿಕೊಳ್ಳಿ. ತಪ್ಪು ಉತ್ತರ ಸಿಕ್ಕರೆ ಪರದೆಯ ಚಿತ್ರದ ಸಮೇತ ಕಂಪನಿಗೂ ಜಿಲ್ಲಾ ಚುನಾವಣಾಧಿಕಾರಿಗೂ ಕಳುಹಿಸಿ.

ಕೊನೆಯ 48 ಗಂಟೆ

ಪ್ರಜಾಪ್ರತಿನಿಧಿ ಕಾಯ್ದೆಯ 126ನೇ ಕಲಮು ಮತದಾನ ಮುಗಿಯುವ ಗಂಟೆಗೆ ಹಿಂದಿನ 48 ಗಂಟೆ ಬಹಿರಂಗ ಪ್ರಚಾರವನ್ನು ನಿಲ್ಲಿಸುತ್ತದೆ. ಅಭ್ಯರ್ಥಿ ವೇದಿಕೆ ಹತ್ತುವಂತಿಲ್ಲ, ಸುಳ್ಳು ಮಾತ್ರ ಓಡಾಡಬಹುದು. ಈ ಹೊತ್ತಿಗೆ ತಂಡ ಪಾಳಿಯಲ್ಲಿ ಕೂರಬೇಕು: ಬೆಳಗಿನ ಐದರಿಂದ ರಾತ್ರಿ ಹನ್ನೊಂದರವರೆಗೆ ಯಾರಾದರೊಬ್ಬರು ಸಹಾಯ ಸಂಖ್ಯೆಯ ಮುಂದೆ. ದೂರಿನ ಪತ್ರ ಮೊದಲೇ ಟೈಪ್ ಆಗಿರಲಿ, ನಮೂದಿನ ವಿವರ ತುಂಬುವುದಷ್ಟೇ ಬಾಕಿ ಇರಲಿ. ಪ್ರತಿ ಅಭ್ಯರ್ಥಿಯ ಕಡೆಯವರಿಗೂ ಮುಂಚಿತವಾಗಿ ಹೇಳಿ: ‘ನಿಮ್ಮ ಹೆಸರಿನಲ್ಲಿ ಏನಾದರೂ ಬಂದರೆ ಹದಿನೈದು ನಿಮಿಷದಲ್ಲಿ ನಿಮ್ಮ ಮುಖದ ವೀಡಿಯೊ ಕಳುಹಿಸಲು ಸಿದ್ಧರಿರಿ, ಅಂದಿನ ದಿನಪತ್ರಿಕೆ ಹಿಡಿದುಕೊಂಡು.’ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಮಾತು, ಒಂದೇ ದಿನ.

ದೂರು ಎಲ್ಲಿಗೆ

ಲೋಕಸಭೆ, ವಿಧಾನಸಭೆಯಾದರೆ ಸಾಮಾನ್ಯವಾಗಿ ಜಿಲ್ಲಾಧಿಕಾರಿಯೇ ಜಿಲ್ಲಾ ಚುನಾವಣಾಧಿಕಾರಿ, ಅವರ ಕೆಳಗೆ ಮಾಧ್ಯಮ ಪ್ರಮಾಣೀಕರಣ ಮತ್ತು ಕಣ್ಗಾವಲು ಸಮಿತಿ ಇರುತ್ತದೆ. ಬಾಯಿಮಾತು ಬೇಡ, ಇಮೇಲ್ ಜೊತೆಗೆ ಕಚೇರಿಯ ಮೊಹರು ಬಿದ್ದ ಪ್ರತಿ ಬೇಕು. 1950 ಸಹಾಯವಾಣಿಗೂ ಕರೆ ಮಾಡಿ. ಚುನಾವಣಾ ಅಕ್ರಮಗಳ ದೂರಿಗೆಂದು ಆಯೋಗ ಮಾಡಿದ ಸಿ-ವಿಜಿಲ್ 100 ನಿಮಿಷದಲ್ಲಿ ಕ್ರಮ ಎನ್ನುತ್ತದೆ ನಿಜ, ಆದರೆ ಅದು ಸ್ಥಳದಲ್ಲೇ ತೆಗೆದ ಚಿತ್ರಕ್ಕೆ ಮಾಡಿದ್ದು, ಗ್ಯಾಲರಿಯಲ್ಲಿರುವ ಕಡತವನ್ನು ಅದಕ್ಕೆ ಏರಿಸಲಾಗದು. ವಾಟ್ಸ್‌ಆ್ಯಪ್ ಧ್ವನಿಗೆ ಅದನ್ನು ನಂಬಿ ಕೂರಬೇಡಿ.

ಪಕ್ಷದ ಅಧಿಕೃತ ಪುಟದಲ್ಲೇ ನಕಲಿ ಇದ್ದರೆ, ಗಮನಕ್ಕೆ ಬಂದ ಮೂರು ಗಂಟೆಯೊಳಗೆ ತೆಗೆಯಬೇಕೆಂದು ಆಯೋಗ 2024ರ ಮೇ 6ರಂದೇ ಪಕ್ಷಗಳಿಗೆ ಹೇಳಿದೆ. ಆದ್ದರಿಂದ ಪಕ್ಷದ ಜಿಲ್ಲಾ ಕಚೇರಿಗೂ ನೋಟಿಸಿನಂತೆ ಒಂದು ಪತ್ರ ಕೊಡಿ, ಗಂಟೆ ನಮೂದಿಸಿ. ಆ ಮೂರು ಗಂಟೆ ಎಣಿಕೆ ಶುರುವಾಗುವುದೇ ನಿಮ್ಮ ಪತ್ರದಿಂದ. ಜಾಲತಾಣಗಳ ಮಟ್ಟದಲ್ಲಿ, 2026ರ ಫೆಬ್ರುವರಿ 20ರಿಂದ ಜಾರಿಗೆ ಬಂದ ಐಟಿ ನಿಯಮಗಳ ತಿದ್ದುಪಡಿಯಂತೆ ನ್ಯಾಯಾಲಯ ಅಥವಾ ಸರ್ಕಾರದ ಆದೇಶ ಬಂದ ಮೂರು ಗಂಟೆಯಲ್ಲಿ ತೆಗೆಯಬೇಕು.

ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಎಚ್ಚರ ಹೆಚ್ಚು ಬೇಕು. ಅದನ್ನು ನಡೆಸುವುದು ಭಾರತ ಚುನಾವಣಾ ಆಯೋಗವಲ್ಲ, ರಾಜ್ಯ ಚುನಾವಣಾ ಆಯೋಗ. ದೂರಿನ ವಿಳಾಸವೇ ಬೇರೆ. ಗ್ರಾಮ ಪಂಚಾಯಿತಿಯಲ್ಲಂತೂ ಪಕ್ಷದ ಚಿಹ್ನೆಯೇ ಇರುವುದಿಲ್ಲ, ಮೂರು ಗಂಟೆಯಲ್ಲಿ ತೆಗೆಯಿರಿ ಎಂದು ಯಾವ ಪಕ್ಷವನ್ನು ಕೇಳುತ್ತೀರಿ? ಕೆಲವೇ ಮತಗಳ ಅಂತರದಲ್ಲಿ ಗೆಲುವು ಸೋಲು ತೀರ್ಮಾನವಾಗುವ ಜಾಗ ಅದು. ಒಂದು ಧ್ವನಿ ತುಣುಕು, ಒಂದು ಬೀದಿಯ ಜನ, ಅಷ್ಟು ಸಾಕು. ಹೀಗಾಗಿ ಪಂಚಾಯಿತಿ ಚುನಾವಣೆಯಲ್ಲಿ ತಹಶೀಲ್ದಾರರ ಕಚೇರಿ ಮತ್ತು ಚುನಾವಣಾಧಿಕಾರಿಯ ಸಂಖ್ಯೆಯನ್ನು ಮೊದಲ ದಿನವೇ ಪಡೆದುಕೊಂಡು, ಒಮ್ಮೆ ಹೋಗಿ ಮುಖತಃ ಪರಿಚಯ ಮಾಡಿಕೊಂಡು ಬನ್ನಿ.

ಜನರಿಗೆ ತಿಳಿಸುವಾಗ ನಕಲಿ ಕಡತವನ್ನು ಮತ್ತೆ ಹಂಚಬೇಡಿ. ಮೊದಲ ಸಾಲಿನಲ್ಲೇ ನಿಜ ಹೇಳಿ: ‘ಇಂಥ ಅಭ್ಯರ್ಥಿ ಕಣದಲ್ಲಿದ್ದಾರೆ. ಹಿಂದೆ ಸರಿಯುವ ಗಡುವು ಮುಗಿದಿದೆ.’ ಸುಳ್ಳಿನ ವಿವರ ಎರಡನೆಯ ಸಾಲಿಗೆ ಸಾಕು.

ಪ್ರಭಾವವನ್ನು ಅಳೆಯುವಾಗ

ಹತ್ತು ಸಾವಿರ ಜನ ನೋಡಿದರು ಎಂದ ಮಾತ್ರಕ್ಕೆ ಹತ್ತು ಸಾವಿರ ಮತ ಬದಲಾಯಿತು ಎಂದಲ್ಲ. 2024ರ ಮೇ ತಿಂಗಳಲ್ಲಿ ಚಾಟ್‌ಜಿಪಿಟಿ ತಯಾರಿಸುವ ಓಪನ್‌ಎಐ ಕಂಪನಿ, ಇಸ್ರೇಲಿನ ಕಂಪನಿಯೊಂದು ಓಪನ್‌ಎಐ ಸಾಧನಗಳನ್ನು ಬಳಸಿ ಭಾರತದ ಚುನಾವಣೆ ಕುರಿತು ಟಿಪ್ಪಣಿಗಳನ್ನು ಉತ್ಪಾದಿಸಲು ಹೊರಟದ್ದನ್ನು 24 ಗಂಟೆಯೊಳಗೆ ತಡೆದೆವು ಎಂದಿತು. ಯತ್ನ ಇತ್ತು, ಓದುಗರು ಹೆಚ್ಚು ಇರಲಿಲ್ಲ. ಯತ್ನ, ತಲುಪುವಿಕೆ, ನಂಬಿಕೆ ಈ ಮೂರನ್ನೂ ಬೇರೆ ಬೇರೆಯಾಗಿಯೇ ಬರೆಯಿರಿ.

ನಂಬಿಕೆಯನ್ನು ತಿಳಿಯಲು ಜನರ ಬಳಿಗೇ ಹೋಗಬೇಕು. ಎಣಿಕೆ ಮುಗಿದ ವಾರ, ಬೇರೆ ಬೇರೆ ಬೀದಿಗಳ ಇಪ್ಪತ್ತು ಮೂವತ್ತು ಮನೆಗಳಲ್ಲಿ ನಾಲ್ಕು ಪ್ರಶ್ನೆ ಕೇಳಿ: ಆ ದನಿ ಕೇಳಿದ್ದಿರಾ? ಆಗ ನಿಜ ಎನ್ನಿಸಿತೇ? ಬೇರೆಯವರಿಗೆ ಹೇಳಿದಿರಾ? ಸುಳ್ಳೆಂದು ಯಾವಾಗ ಗೊತ್ತಾಯಿತು? ಯಾರಿಗೆ ಮತ ಹಾಕಿದಿರಿ ಎಂದು ಮಾತ್ರ ಕೇಳಬೇಡಿ. ನಾಲ್ಕನೆಯ ಉತ್ತರವೇ ನಿಮ್ಮ ಕೆಲಸಕ್ಕೆ ಸಿಗುವ ಅಂಕ. ‘ಓಟು ಹಾಕಿ ಬಂದ ಮೇಲೆ ಗೊತ್ತಾಯಿತು’ ಎಂದವರು ಎಷ್ಟು, ‘ಹೋಗುವ ಮೊದಲೇ’ ಎಂದವರು ಎಷ್ಟು ಎಂದು ಎಣಿಸಿ ವರದಿಯ ಮೊದಲ ಪುಟದಲ್ಲಿ ಹಾಕಿ.

ದಾಖಲೆ ಪುಸ್ತಕ ಮತ್ತು ಕಡತಗಳನ್ನು ಕೂಡಲೇ ಅಳಿಸಬೇಡಿ. ಲೋಕಸಭೆ ಮತ್ತು ವಿಧಾನಸಭೆಯ ಫಲಿತಾಂಶವನ್ನು ಪ್ರಶ್ನಿಸಿ ಹೈಕೋರ್ಟಿಗೆ ತಕರಾರು ಅರ್ಜಿ ಹಾಕಲು 45 ದಿನ ಕಾಲಾವಕಾಶ ಇರುತ್ತದೆ. ಅಲ್ಲಿಯವರೆಗೆ ಎರಡು ಪ್ರತಿ, ಎರಡು ಮನೆಗಳಲ್ಲಿ ಇರಲಿ. ಯಾರೂ ಕೇಳದಿದ್ದರೆ 46ನೇ ದಿನ ತಂಡವೆಲ್ಲ ಕೂಡಿ ಕುಳಿತು, ಸಹಾಯ ಸಂಖ್ಯೆಗೆ ಬಂದಿದ್ದ ಜನರ ಸಂದೇಶಗಳನ್ನೂ ಅವರ ಫೋನ್ ಸಂಖ್ಯೆಗಳನ್ನೂ ಅಳಿಸಿ. ಅಭ್ಯರ್ಥಿಗಳ ಅಸಲಿ ದನಿಯ ಫೋಲ್ಡರ್‌ಗಳನ್ನು ಮುಂದಿನ ಚುನಾವಣೆಗೆ ಎತ್ತಿಡಿ.